ಕೆಳಗಿನವರ ಒಪ್ಪಿಗೆ

ಹೊಲದ ಕೆಳಗೆ ಹಳೆಯ ಊರು ಸಿಕ್ಕರೆ, ಉಳುವ ಮುನ್ನ ಆ ಊರಿನವರ ಒಪ್ಪಿಗೆ ಪಡೆಯಬೇಕು ಎಂಬುದು ಕಾನೂನು. ತನ್ನ ಹೊಲದಲ್ಲಿ, ಆ ಹಳೆಯ ಊರಿನವರು ಸಗಣಿ ಸುಟ್ಟು ಉಳಿದ ಬೂದಿಮಣ್ಣಿನಲ್ಲಿ ನೆಟ್ಟ ಕೊಳವೆಗೆ ಬಾಯಿಟ್ಟು ದುರುಗಮ್ಮ ಮೂರನೆಯ ದಿನವೂ ಒಪ್ಪಿಗೆ ಕೇಳಿದಳು. ಇವತ್ತು ಜೋಳ ಬಿತ್ತದಿದ್ದರೆ ನೆಲದ ಹಸಿ ಆರಿಹೋಗುತ್ತಿತ್ತು.

"ನಿನ್ನ ಕಡೆ ದನ ಎಷ್ಟದಾವ?" ಕೆಳಗಿನಿಂದ ಮುದುಕಿಯೊಬ್ಬಳ ದನಿ ಬಂತು.

"ದನ ಇಲ್ಲಬೇ. ಟ್ರ್ಯಾಕ್ಟರ್ ಐತಿ."

"ದನ ಇಲ್ಲದಾಕಿಗೆ ನೆಲ ಎಲ್ಲೀದು?"

ದುರುಗಮ್ಮ ಬೈದುಕೊಳ್ಳುತ್ತ ಹೋಗಿ, ಪಕ್ಕದ ಹೊಲದ ಹುಲುಗಪ್ಪನ ಹನ್ನೊಂದು ಎಮ್ಮೆಗಳನ್ನು ಹೊಡೆದುಕೊಂಡು ಬಂದು ಹೊಲದಲ್ಲಿ ನಿಲ್ಲಿಸಿದಳು. ಗೊರಸಿನ ಸದ್ದಿಗೆ ಕೆಳಗೆ ಊರಿಗೆ ಊರೇ ಖುಷಿಯಿಂದ ಗದ್ದಲವೆಬ್ಬಿಸಿತು.

"ಈಗ ಉಳಲೇನಬೇ?"

"ಹುಚ್ಚಿ, ದನ ನಿಂತ ಮ್ಯಾಲೆ ಅದು ದೊಡ್ಡಿ ಆತು. ದೊಡ್ಡಿ ಯಾರರ ಉಳತಾರೇನು? ಸಗಣಿ ಒಟ್ಟಿ ಇಡು, ಬೇಸಿಗ್ಯಾಗ ಸುಡೋಣಂತ."

ಬಿಸಿಲಿಗೆ ಮೇಲ್ಮಣ್ಣು ಆಗಲೇ ಬಿಳಿಚತೊಡಗಿತ್ತು.

"ಯವ್ವಾ, ನೀವು ಸತ್ತು ನಾಲ್ಕು ಸಾವಿರ ವರ್ಷ ಆತು," ಎಂದಳು ದುರುಗಮ್ಮ.

ಕೆಳಗಿನವರು ಕೂಡಿ ಬಹಳ ಹೊತ್ತು ಮಾತಾಡಿಕೊಂಡರು. ಅದಕ್ಕೂ ಒಪ್ಪಲಿಲ್ಲ.