ಅರ್ಕಾವೊತ್ತು

"ಏ ಹುಡುಗಿ, ಆ ಮೇಲಿನ ಸಾಲಿಗೆ ಬ್ರಷ್ ಮುಟ್ಟಿಸ್ಬೇಡ!"

ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಕೂಗಿದ ರಭಸಕ್ಕೆ, ಏಣಿಯ ಮೇಲಿದ್ದ ಬೋರ್ಡ್ ಬರೆಯುವ ಹುಡುಗಿ ಬಣ್ಣದ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ಯಾಕೆ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಬ್ರಷ್ ಹಿಡಿದವಳು. ದೊಡ್ಡವರ ಮುಂದೆ ನಾಲಿಗೆ ಅಂಗುಳಿಗೆ ಅಂಟಿಕೊಂಡುಬಿಡುತ್ತಿತ್ತು.

ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಗೋಲು ದಾಖಲೆಯ ಬೋರ್ಡನ್ನು ಅವಳು ನಿನ್ನೆಯಿಂದ ಹೊಸದಾಗಿ ಬರೆಯುತ್ತಿದ್ದಳು. ಎಂಟು ಗಂಡಸರ ಹೆಸರು, ಅವರವರು ಹೊಡೆದ ಗೋಲುಗಳು ಬಿಳಿ ಬಣ್ಣದಲ್ಲಿ ಒಣಗಿ ನಿಂತಿದ್ದವು. ಎಲ್ಲರಿಗಿಂತ ಮೇಲಿದ್ದವನದು ಎಂಬತ್ತಾರು. ಅವನ ನೆತ್ತಿಯ ಮೇಲೆ ಒಂದು ಸಾಲು ಖಾಲಿ ಬಿಡು ಎಂದು ಕೋಚ್ ಹೇಳಿದ್ದರು. ಅದು ಹೆಣ್ಣುಮಕ್ಕಳ ತಂಡದ ಕ್ಯಾಪ್ಟನ್‌ಗೆ. ಹದಿನಾಲ್ಕು ವರ್ಷ ಆಡಿದ ಆಕೆಗೆ ನಿನ್ನೆ ಸಂಜೆ ಕೊನೆಯ ಪಂದ್ಯ. ಲೆಕ್ಕ ನೂರಾ ಹದಿಮೂರಕ್ಕೆ ನಿಂತಿತ್ತು. ಹೆಸರುಗಳ ಮೇಲಿನ ತಲೆಬರಹವನ್ನು ಹುಡುಗಿ ಈಗಷ್ಟೇ ಕೆಂಪಿನಲ್ಲಿ ಬರೆದು ಮುಗಿಸಿದ್ದಳು. ಹಳೆಯ ಬೋರ್ಡಿನಲ್ಲಿ ಹೇಗಿತ್ತೋ ಹಾಗೆ: 'ಆಟಗಾರ'. ಬಣ್ಣ ಇನ್ನೂ ಹಸಿಯಾಗಿತ್ತು.

ಕಿಟ್ ಬ್ಯಾಗು ಹೆಗಲಿಗೇರಿಸಿ, ಬಲಗಾಲು ಎಳೆಯುತ್ತ ಕ್ಯಾಪ್ಟನ್ ಬಂದಳು. "ಯಾಕ್ ಸಾರ್ ನಿಲ್ಲಿಸಿದ್ರಿ?"

"ಅಯ್ಯೋ, ನಿಮ್ಮ ಮೇಲೆ ನನಗೇನು ಹಗೆನಾ ತಾಯಿ? ನೀವೇ ಓದಿ. ಏನಿದೆ ಅಲ್ಲಿ? ಆಟಗಾರ. ನೀವು ಆಟಗಾರ್ತಿ. ನಾನು ಹೇಳ್ತಿಲ್ಲ, ವ್ಯಾಕರಣ ಹೇಳ್ತಿದೆ."

"ವ್ಯಾಕರಣಾನಾ?" ಕ್ಯಾಪ್ಟನ್ ಬ್ಯಾಗನ್ನು ಧೊಪ್ಪನೆ ಇಳಿಸಿದಳು. "ನನ್ನ ಕರಾರುಪತ್ರ ತೆಗೀರಿ ಸಾರ್. 'ಆಟಗಾರನು ನೋವಿದ್ದರೂ ಅಭ್ಯಾಸಕ್ಕೆ ಹಾಜರಾಗತಕ್ಕದ್ದು.' ಮಂಡಿ ಊದಿ ಕುಂಬಳಕಾಯಿ ಆದಾಗ ನೀವೇ ಓದಿ ಹೇಳಿದ್ರಿ. 'ಆಟಗಾರನು ಮೂರು ತಿಂಗಳಿಗಿಂತ ಹೆಚ್ಚು ರಜೆ ಪಡೆಯತಕ್ಕದ್ದಲ್ಲ.' ಮಗಳು ಹುಟ್ಟಿದ ತೊಂಬತ್ತೊಂದನೇ ದಿನ ಈ ಮೈದಾನದಲ್ಲಿ ಓಡಿದೀನಿ. ಎದೆಹಾಲು ಸೋರಿ ಜರ್ಸಿ ಒದ್ದೆಯಾಗಿತ್ತು. ಆಟಗಾರನಿಗೆ ಹಾಲು ಬರತ್ತಾ ಅಂತ ಅವತ್ತು ಯಾರೂ ವ್ಯಾಕರಣ ತೆಗೀಲಿಲ್ಲ!"

ಮ್ಯಾನೇಜರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನೋಡಿ, ನಾಳೆ ಈ ಬೋರ್ಡಿನ ಪರದೆ ಸರಿಸೋಕೆ ಬರ್ತಿರೋರು ಆ ಎಂಬತ್ತಾರು ಹೊಡೆದವರೇ. ಅವರ ತಲೆ ಮೇಲೆ ನಿಮ್ಮನ್ನ ಕೂರಿಸಿದ್ರೆ ಅವರ ಮುಖ ಎಲ್ಲಿಡೋದು? ನಿಮ್ಮ ಡ್ರೆಸ್ಸಿಂಗ್ ರೂಮಿಗೇ ಅಂತ ಚಿಕ್ಕದೊಂದು ಬೋರ್ಡ್ ಮಾಡಿಸ್ತೀನಿ."

"ಯಾವ ಡ್ರೆಸ್ಸಿಂಗ್ ರೂಮು? ಆ ಬಲೆ, ಸುಣ್ಣದ ಚೀಲ ಒಟ್ಟಿರೋ ಕೋಣೇನಾ?"

"ಹೊಂದ್ಕೊಂಡು ಹೋಗ್ಬೇಕಮ್ಮ. ಇಷ್ಟು ವರ್ಷ ಹೋಗಿಲ್ವಾ?" ಎಂದವನೇ ಏಣಿಯತ್ತ ಕತ್ತೆತ್ತಿದ. "ಏ ಮರಿ, ಆ ಸಾಲು ಬೋಳಾಗಿ ಕಾಣ್ತಿದೆ. ಒಂದು ಹೂಬಳ್ಳಿ ಬಿಡಿಸ್ಬಿಡು." ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಾತಾಡುತ್ತ ಹೊರಗೆ ಹೋದ.

ಕ್ಯಾಪ್ಟನ್ ಮೆಟ್ಟಿಲ ಮೇಲೆ ಕುಸಿದು ಮಂಡಿ ಹಿಡಿದುಕೊಂಡಳು. "ಚೆನ್ನಾಗಿ ಬಿಡಿಸಮ್ಮ ಹೂವ" ಎಂದಳು, ತಲೆ ಎತ್ತದೆ. "ಹದಿನಾಲ್ಕು ವರ್ಷ ನೀರು ಹಾಕಿದೀನಿ."

ಹಿಂದೊಮ್ಮೆ ಇದೇ ಮೈದಾನದ ಸುತ್ತುಗೋಡೆಗೆ ಅಪ್ಪನ ಜೊತೆ ಜಾಹೀರಾತು ಬರೆಯುವಾಗ, ಈ ಅಕ್ಕ ಮೂವರನ್ನು ದಾಟಿ ಗೋಲು ಹೊಡೆದದ್ದನ್ನು ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದ್ದಳು. ಬ್ರಷ್ ಒಣಗಿಸಿಬಿಟ್ಟೆಯಲ್ಲೇ ಎಂದು ಅಪ್ಪ ತಲೆಗೊಂದು ಮೊಟಕಿದ್ದ. ಆ ಮೊಟಕು ಅವಳಿಗೆ ಇವತ್ತಿಗೂ ಸಿಹಿ.

ಅವಳು ತಲೆಬರಹ ನೋಡಿದಳು. ಕೊನೆಯ 'ರ' ಮಿರಮಿರ ಮಿನುಗುತ್ತಿತ್ತು. ಒಂದು ಅಕ್ಷರ. ಒಂದು ಅಕ್ಷರದ ಸಂದಿಯಲ್ಲಿ ನೂರಾ ಹದಿಮೂರು ಗೋಲು ಬಿದ್ದುಹೋಗುವುದೇ? ಅವಳು ಬಟ್ಟೆ ಚೂರನ್ನು ಥಿನ್ನರಿನಲ್ಲಿ ಅದ್ದಿ ಆ 'ರ'ವನ್ನು ಒಂದೇ ಎಳೆತಕ್ಕೆ ಒರೆಸಿದಳು. ಆ ಜಾಗದಲ್ಲಿ 'ತಿ' ಬರೆದಳು. ಇನ್ನುಳಿದದ್ದು ಅರ್ಕಾವೊತ್ತು. ಚಿಕ್ಕವಳಿದ್ದಾಗ ಅದು ಕೈಗೆ ಹತ್ತದೆ ಅತ್ತಿದ್ದಳು. "ಅಳೋದ್ಯಾಕೆ ಮಗಳೇ, ಪಕ್ಕದಲ್ಲೊಂದು ಕನ್ನಡದ ಒಂಬತ್ತು ಬರಿ, ಅದೇ ಅರ್ಕಾವೊತ್ತು" ಎಂದು ಅಪ್ಪ ಹೇಳಿಕೊಟ್ಟಿದ್ದ. ಕೆಳಗೆ ಬಾಯಿ ತೆರೆದು ಬಿದ್ದಿದ್ದ ಬ್ಯಾಗಿನಿಂದ ಕ್ಯಾಪ್ಟನ್ನಿನ ಜರ್ಸಿಯ ಬೆನ್ನು ಇಣುಕುತ್ತಿತ್ತು. ಅದರ ಮೇಲೆ ಅಂಗೈಯಗಲದ ೯. ಅದನ್ನೇ ನೋಡಿಕೊಂಡು 'ತಿ'ಯ ಪಕ್ಕಕ್ಕೆ ಇಳಿಸಿದಳು.

ಆಟಗಾರ್ತಿ.

ಫೋನು ಮುಗಿಸಿ ಒಳಗೆ ಬಂದ ಮ್ಯಾನೇಜರ್ ಕತ್ತೆತ್ತಿ ನೋಡಿದ. "ಏನೇ ಮಾಡ್ಬಿಟ್ಟೆ? ಮನೆಹಾಳಿ! ಕೆಳಗಿರೋ ಎಂಟು ಜನ ಗಂಡಸರೂ ಆಟಗಾರ್ತಿಯರಾಗ್ಬಿಟ್ರಲ್ಲೇ!"

ಹುಡುಗಿ ತಿರುಗಿ ನೋಡಲಿಲ್ಲ. ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಸವರಿ, ಖಾಲಿ ಸಾಲಿನ ಮೊದಲಿಗೆ ಹಿಡಿದಳು.

"ಹದಿನಾಲ್ಕು ವರ್ಷ ಅಕ್ಕ ಆಟಗಾರ ಆಗಿದ್ರು ಸಾರ್" ಎಂದಳು. "ಇವ್ರೂ ಸ್ವಲ್ಪ ಹೊಂದ್ಕೊಂಡು ಹೋಗ್ಲಿ."