ಕೆಮ್ಮಣ್ಣಿನ ಗೆರೆ

“ಊರ ರೋಗಾನೆಲ್ಲ ಹೊತ್ಕೊಂಡು ತಿರುಗೋರಿಗೆ ಮನೆ ಯಾಕೆ ಬೇಕೋ?”

ಅತ್ತೆ ಹೊಸ್ತಿಲಲ್ಲಿ ಕೂತು, ತುಳಸಿಕಟ್ಟೆಯತ್ತ ನೋಡುತ್ತ ಕೇಳಿದರು. ಮಾತು ಅಂಗಳದಲ್ಲಿ ನಿಂತ ಸೊಸೆಗೆ.

ಸೊಸೆ ಮನೆಮನೆಗೆ ಹೋಗಿ ಕೊರೊನಾ ಪರೀಕ್ಷೆ ಮಾಡುವ ಸರ್ಕಾರಿ ನರ್ಸು. ಅತ್ತೆ ಬಾಗಿಲ ಮುಂದೆ ಕೆಮ್ಮಣ್ಣಿನ ಗೆರೆ ಎಳೆದು ಇಪ್ಪತ್ತು ದಿನವಾಗಿತ್ತು. ಅಂದಿನಿಂದ ಅವಳ ಊಟ, ನಿದ್ದೆ ಎಲ್ಲ ಹಿತ್ತಿಲ ಹೊಂಗೆಮರದಡಿಯ ಕೊಟ್ಟಿಗೆಯಲ್ಲಿ. ಅಳಿಲುಗಳು ತಟ್ಟೆಯವರೆಗೂ ಬರುತ್ತಿದ್ದವು. ಮಗಳು ಕಿಟಕಿಯಿಂದ ಕೈಬೀಸುತ್ತಿದ್ದಳು.

“ಗೆರೆ ದಾಟಿದ ಸೀತಮ್ಮನ ಗತಿ ಏನಾಯ್ತು, ಗೊತ್ತಲ್ಲ?” ಅತ್ತೆಯದು ದಿನವೂ ಇದೇ ಪುರಾಣ. ನಡುವೆ ತಾವು ಮಾತ್ರ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿ, ಮೂರು ಹೋಳಿಗೆ ತಿಂದು, ಕೆಮ್ಮುತ್ತ ಮರಳಿದ್ದರು. ಮರುದಿನ ಸೊಸೆಯೇ ಮನೆಯವರ ಮೂಗಿಗೆ ಕಡ್ಡಿ ಹಾಕಿದ್ದಳು.

ಈಗ ವರದಿ ಅವಳ ಕೈಯಲ್ಲಿತ್ತು.

“ಬಂದಿರೋದು ನಿಮಗೊಬ್ರಿಗೇ, ಅತ್ತೆ. ಪುಟ್ಟೀನ ನನ್ಹತ್ರ ಕಳಿಸಿ.”

ಕರೆಯುವ ಮೊದಲೇ ಮಗಳು ಗೆರೆ ಹಾರಿ ಬಂದು ಅಮ್ಮನ ಸೊಂಟ ತಬ್ಬಿದಳು.

ಅತ್ತೆಯ ದನಿ ಮೆತ್ತಗಾಯಿತು. “ನಾಳೆ ಪಕ್ಕದ್ಮನೇಲಿ ಏಕಾದಶಿ ಭಜನೆ ಕಣಮ್ಮ. ಒಂದು ಗಳಿಗೆ ಹೋಗಿಬರ್ತೀನಿ, ಯಾರಿಗೂ ಹೇಳ್ಬೇಡ.”

“ಸೀತಮ್ಮ ಇದ್ದಿದ್ದು ಗೆರೆಯ ಒಳಗೆ, ಅತ್ತೆ. ಈಗ ಒಳಗಿರೋದು ನೀವು. ಹದಿನಾಲ್ಕು ದಿನ ನಿಮ್ಮನ್ನ ಗೆರೆ ದಾಟೋಕೆ ಬಿಡೋದಿಲ್ಲ.”