ಅಟ್ಟದ ಮೇಲಿನ ದನಿ

ಇಲಿಗಳು ಮನೆಮಂದಿಯ ದನಿ ಕಲಿತು ಮಾತಾಡುವುದು ಆ ಊರಿಗೆ ಹಳೆಯದಾಗಿತ್ತು. ಚಂಪವ್ವನ ಅಟ್ಟದ ಇಲಿಗೆ, ಹೋದ ವರ್ಷ ಇಲಿಜ್ವರದಿಂದ ತೀರಿಕೊಂಡ ಅವಳ ಗಂಡನ ದನಿ.

ವಿಷದ ಉಂಡೆ ಹಿಡಿದು ಬಂದ ಪುರಸಭೆಯ ಫಕೀರಪ್ಪನಿಗೆ ಅವಳು, "ನಮ್ಮನ್ಯಾಗ ಇಲಿ ಇಲ್ಲಪಾ," ಅಂದಳು.

"ಚಂಪಾ, ಚಾ ಆತೇನ?" ಅಟ್ಟದಿಂದ ಕೇಳಿಸಿತು.

ಫಕೀರಪ್ಪ ತಲೆ ತಗ್ಗಿಸಿದ. "ನಮ್ಮವ್ವನ ದನಿ ಕಲಿತಿದ್ದ ಇಲಿಗೂ ನಾನ ವಿಷ ಇಟ್ಟೀನ್ರಿ, ಅಕ್ಕಾರ." ಏಣಿ ಹತ್ತಿ ಉಂಡೆ ಇಟ್ಟು ಇಳಿದ. "ನೀರು ಕೇಳತೈತಿ. ಕೊಡಬ್ಯಾಡ್ರಿ. ಕುಡದ್ರ ಬದಕತೈತಿ."

ಸಂಜೆ ದೀಪ ಹಚ್ಚುವಾಗ ಮೇಲಿನಿಂದ ಸೋತ ದನಿ ಬಂತು: "ಚಂಪಾ, ಒಂದ ಗುಟುಕ ನೀರ ಕೊಡ."

ಕಡೆಗಾಲದಲ್ಲಿ ಗಂಡ ಹೀಗೇ ಅಂಗಲಾಚಿದಾಗ, ಡಾಕ್ಟರು ಬೇಡವೆಂದರೆಂದು ಅವಳು ಕೊಟ್ಟಿರಲಿಲ್ಲ.

ಚಂಪವ್ವ ತಂಬಿಗೆ ತುಂಬಿಕೊಂಡು ಏಣಿ ಹತ್ತಿದಳು.